ಕಟ್ಟಾಯದ ಕಲ್ಲು ತೊಳೆದ ನೀರು

ಹಾಸನ
೧೬–೧೧–೧೯೪೩, ಮಂಗಳವಾರ

ಪ್ರೀತಿಯ ತಮ್ಮ ಚಂದ್ರನಾಥನಿಗೆ, ಅಕ್ಕ ಅನಂತಮತಿ ಮನಸಾರೆ ಹರಸಿ, ಅಷ್ಟೇ ಮನಸಾರೆ ಬೈದು ಬರೆಯುವ ಕಾಗದ.

ಹೇಗಿದ್ದೀಯೋ? ದೀಪಾವಳಿಯಲ್ಲಿ ಹಿಡಿದಿದ್ದ ಕೆಮ್ಮು ನಿಂತಿತಾ? ಮೆಣಸು ಜೀರಿಗೆ ಹುರಿದು ಕುಟ್ಟಿ ಕಷಾಯ ಮಾಡಿಕೋ ಅಂತ ಬರೆದಿದ್ದೆ. ಮಾಡಿಕೊಂಡಿರುವುದಿಲ್ಲ, ನನಗೆ ಗೊತ್ತು. ಮೈಸೂರಿನ ಕಾಲೇಜಿನಲ್ಲಿ ಹುಡುಗರಿಗೆ ಗಾಜಿನ ಬುಡ್ಡಿಯಲ್ಲಿ ಏನೇನೋ ಕುದಿಸಿ ತೋರಿಸುತ್ತೀಯಂತೆ, ನಿನಗೆ ಒಂದು ಲೋಟ ಕಷಾಯ ಕುದಿಸಿಕೊಳ್ಳೋಕೆ ಬರೋದಿಲ್ಲ. ಇಲ್ಲಿ ನಾನು, ಮಕ್ಕಳು ಸೌಖ್ಯ. ನಿಮ್ಮ ಭಾವ ಪಾತ್ರೆ ಹಾಕಿಕೊಂಡು ಅರಕಲಗೂಡಿನ ಕಡೆ ಹೋಗಿದ್ದಾರೆ. ಈ ಹಾಳು ಯುದ್ಧ ಬಂದಮೇಲೆ ಹಿತ್ತಾಳೆ ತಗಡು ಕಣ್ಣಿಗೂ ಕಾಣೋದಿಲ್ಲ, ಜನರ ಹಳೇ ಕೊಳಗ ತಂಬಿಗೆ ತಂದು, ತಟ್ಟಿ ಸರಿಮಾಡಿ ಮಾರುವ ಹಾಗಾಗಿದೆ. ಸೌಖ್ಯ ಅಂತ ಬರೆದೆನಲ್ಲ, ಅದರಲ್ಲಿ ಅಪ್ಪಾಜಿಯ ಹೆಸರು ಬಂದಿಲ್ಲ ಅನ್ನೋದನ್ನ ಗಮನಿಸಿದೆಯಾ? ಗಮನಿಸಿರುವುದಿಲ್ಲ. ನಿನ್ನ ಕಣ್ಣೆಲ್ಲ ನಕ್ಷತ್ರದ ಆಚೆಗೆ ನೆಟ್ಟಿದೆ. ಅದಕ್ಕೇ ಕಾಗದ ಬರೀತಾ ಇರೋದು.

ಇದೆಲ್ಲ ಶುರುವಾದದ್ದು ನಿನ್ನಿಂದ. ದೀಪಾವಳಿಗೆ ಊರಿಗೆ ಬಾರೋ ಅಂದರೆ ಬರಲಿಲ್ಲ. ಬದಲಿಗೆ ಅಪ್ಪಾಜಿಗೆ ನಾಲ್ಕು ಪುಟ ಕಾಗದ ಬರೆದೆ. ಯಾರೋ ದೊಡ್ಡವರು ಬಂದು ನಿಮ್ಮ ಕಾಲೇಜಿನಲ್ಲಿ ಉಪನ್ಯಾಸ ಕೊಟ್ಟರಂತೆ. ಜೀವ ಹುಟ್ಟೋಕೆ ಭೂಮಿಯಂಥ ಗ್ರಹವೇ ಬೇಕು ಅಂತ ಇಲ್ಲ, ನಕ್ಷತ್ರ ನಕ್ಷತ್ರದ ನಡುವಿನ ಬಟ್ಟಬಯಲಲ್ಲೂ ಧೂಳಿದೆ, ಆವಿ ಇದೆ, ಅದಕ್ಕೆ ಬೆಳಕು ತಾಗಿ ಅಲ್ಲೇ ಜೀವದ ಮೊಳಕೆ ಒಡೆಯಬಾರದೇಕೆ, ಮೇಲಿಂದ ಬೀಳುವ ಕಲ್ಲುಗಳ ಬೆನ್ನೇರಿ ಅದು ಇಲ್ಲಿಗೂ ಬರಬಾರದೇಕೆ ಅಂತ ಕೇಳಿದರಂತೆ. ಕೇಳಿದರು, ಸರಿ. ಚಪ್ಪಾಳೆ ತಟ್ಟಿ ರೂಮಿಗೆ ಹೋಗಿ ಮಲಗೋದು ಬಿಟ್ಟು ಅದನ್ನು ಅಪ್ಪಾಜಿಗೆ ಬರೆಯಬೇಕಿತ್ತಾ? ನೀರು ಸೋಸದೆ ಕೈ ತೊಳೆಯದವರು, ಮಳೆಗಾಲದಲ್ಲಿ ಇರುವೆಗೆ ಹೆದರಿ ಅಂಗಳ ದಾಟದವರು, ಅಂಥವರಿಗೆ! ಅವರಿಗೋ ಹಿಡಿಸಲಾರದ ಸಂತೋಷ. ನಿನ್ನ ಕಾಗದ ಅಂಗಿ ಜೇಬಿನಲ್ಲಿಟ್ಟುಕೊಂಡು, ಚೊಂಬು ಕೊಳ್ಳೋಕೆ ಬಂದವರಿಗೆಲ್ಲ ಓದಿ ಹೇಳಿದ್ದೇ ಹೇಳಿದ್ದು. ಲೋಕಾಕಾಶದಲ್ಲಿ ಸೂಜಿಮೊನೆ ಊರುವಷ್ಟು ಜಾಗವೂ ಜೀವವಿಲ್ಲದೆ ಇಲ್ಲ ಅಂತ ನಮ್ಮ ಹಿರಿಯರು ಎಂದೋ ಹೇಳಿದ್ದಾರೆ, ನಮ್ಮ ಚಂದ್ರುವಿನ ಕಾಲೇಜಿಗೆ ಈಗ ಗೊತ್ತಾಗಿದೆ ಅಂತ. ಪಕ್ಕದ ಮನೆ ಗಂಗಾಂಬಿಕೆ ಪಾಪ, ಒಂದು ಸೌಟು ಕೊಳ್ಳೋಕೆ ಬಂದು ಮಧ್ಯಾಹ್ನದವರೆಗೂ ಕೂತು ಆಕಾಶ ಕೇಳಿಕೊಂಡು ಹೋದಳು. ಸೌಟು ಮರೆತು ಹೋಗಿದ್ದಳು.

ಇಷ್ಟಕ್ಕೇ ಮುಗಿದಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಗ್ರಹಚಾರ ನೋಡು, ಆ ವಾರದಲ್ಲೇ ಕಟ್ಟಾಯದ ಲಕ್ಕಯ್ಯ ಬಂದ. ನಿನಗೆ ನೆನಪಿರಬೇಕು, ಸಂತೆಗೆ ಬಂದಾಗಲೆಲ್ಲ ನಮ್ಮ ಜಗಲಿ ಮೇಲೆ ಬುತ್ತಿ ಬಿಚ್ಚುತ್ತಾನಲ್ಲ, ಅವನೇ. ಕಂಬಳಿಯಲ್ಲಿ ಏನೋ ಸುತ್ತಿಕೊಂಡು ಬಂದು ಅಪ್ಪಾಜಿಯ ಮುಂದೆ ಇಟ್ಟ. ಬಿಚ್ಚಿದರೆ ಕಪ್ಪು ಕಲ್ಲು, ತೆಂಗಿನಕಾಯಿ ಗಾತ್ರ, ಮೈಯೆಲ್ಲ ಕರಗಿ ಹೆಪ್ಪುಗಟ್ಟಿದ ಹಾಗೆ. “ಸಾವ್ಕಾರ್ರೇ, ಮ್ಯಾಗ್ಲಿಂದ ಬಿತ್ತು ಕಣ್ರೀ, ನಮ್ಮ ರಾಗಿ ಒಲಕ್ಕೆ. ಒತ್ತು ಮುಳುಗೋ ಒತ್ನಾಗೆ ನಾನೇ ಕಣ್ಣಾರೆ ಕಂಡಿವ್ನಿ” ಅಂದ. ಜಪಾನಿನವರ ಬಾಂಬು ಅಂತ ಊರವರೆಲ್ಲ ಓಡಿದರಂತೆ. ಸಿಡಿಯದೇ ಇದ್ದದ್ದು ನೋಡಿ ಕೆಲವರು ಅರಿಸಿನ ಕುಂಕುಮ ಹಚ್ಚಿದರಂತೆ, ಕೆಲವರು ಊರಿಗೆ ಕೇಡು ಅಂದರಂತೆ. ಪಾತ್ರೆ ಸಾವ್ಕಾರ್ರು ಲೋಹ ಬಲ್ಲವರು, ಏನು ಅಂತ ಅವರೇ ಹೇಳಲಿ ಅಂತ ಇವನು ಹೊತ್ತುಕೊಂಡು ಬಂದುಬಿಟ್ಟ. ನನ್ನ ಕಣ್ಣಿಗೆ ಅದು ಕುಲುಮೆಯವರು ಎಸೆದ ಕಬ್ಬಿಣದ ಕಿಟ್ಟದ ಹಾಗೇ ಕಂಡಿತು. ಹಾಗಂತ ಹೇಳಿಯೂ ಹೇಳಿದೆ. ಯಾರು ಕೇಳ್ತಾರೆ? ಅಪ್ಪಾಜಿ ಆ ಕಲ್ಲಿನ ಮುಂದೆ ನೆಂಟರ ಕೂಸಿನ ಮುಂದೆ ಕೂತ ಹಾಗೆ ಕೂತುಬಿಟ್ಟಿದ್ದರು.

ಇನ್ನು ಮುಂದೆ ನಡೆದದ್ದು ನಮ್ಮ ಮನೆಯಲ್ಲಲ್ಲದೆ ಬೇರೆ ಯಾರ ಮನೆಯಲ್ಲೂ ನಡೆಯುವುದಿಲ್ಲ. ಕಲ್ಲಿಗೆ ಮಣ್ಣು, ಕುಂಕುಮ, ಕಂಬಳಿಯ ಉಣ್ಣೆ ಎಲ್ಲ ಮೆತ್ತಿತ್ತು. ಅಪ್ಪಾಜಿ ಹಿತ್ತಲ ಬಾವಿಯ ನೀರು ಸೇದಿ, ಸೋಸಿ, ಕೊಳಗದಲ್ಲಿ ಕಲ್ಲು ತೊಳೆದರು. ತೊಳೆದ ನೀರನ್ನೂ ಅಭ್ಯಾಸಬಲದಿಂದ ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿದರು. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದದ್ದನ್ನು ಏನು ಮಾಡಬೇಕು? ನೀನು ಮರೆತಿದ್ದರೆ ನಾನು ನೆನಪು ಮಾಡುತ್ತೇನೆ. ಬಟ್ಟೆಯನ್ನು ಸೋಸಿದ ನೀರಿನಲ್ಲೇ ಮೆಲ್ಲಗೆ ಜಾಲಿಸಿ, ಆ ನೀರನ್ನು ತಳದಲ್ಲಿ ಕೊಂಡಿ ಇರುವ ಚೊಂಬಿಗೆ ಹಾಕಿ, ಹಗ್ಗದಲ್ಲಿ ಇಳಿಬಿಟ್ಟು, ನೀರು ಮುಟ್ಟಿದ ಮೇಲೆ ಮೆಲ್ಲಗೆ ಮಗುಚಿ, ಯಾವ ಬಾವಿಯಿಂದ ಸೇದಿದೆವೋ ಅದೇ ಬಾವಿಗೆ, ಜೀವಗಳಿಗೆ ನೋವಾಗದ ಹಾಗೆ ಬಿಡಬೇಕು. ಎಲ್ಲಿಯ ಜೀವ ಅಲ್ಲಿಗೇ. ಅಮ್ಮ ಇರುವ ತನಕ ದಿನಾ ಬೆಳಿಗ್ಗೆ ಮಾಡುತ್ತಿದ್ದಳು, ಈಗ ನಾನು ಮಾಡುತ್ತೇನೆ. ಅಪ್ಪಾಜಿ ಚೊಂಬು ಹಿಡಿದು ಬಾವಿಕಟ್ಟೆಯವರೆಗೂ ಹೋದರು, ಹಗ್ಗವನ್ನೂ ಕಟ್ಟಿದರು, ಹಾಗೇ ನಿಂತುಬಿಟ್ಟರು. ಯಾಕಪ್ಪಾಜಿ ಅಂದೆ. “ಇದರಲ್ಲಿ ಮೇಲಿನವು ಇದ್ದರೆ?” ಅಂದರು.

ಅಯ್ಯೋ ನನ್ನ ಕರ್ಮವೇ! ನನಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಅರ್ಥವಾಗಿ ಬಾವಿಕಟ್ಟೆ ಮೇಲೆ ಕೂತುಬಿಟ್ಟೆ. ಬಾವಿಯ ಜೀವ ಬಾವಿಗೆ ಬಿಡಬಹುದು. ಕಲ್ಲಿನ ಜೊತೆ ಆಕಾಶದಿಂದ ಬಂದದ್ದು ಅದರಲ್ಲಿ ಬೆರೆತಿದ್ದರೆ? ಅದನ್ನು ಬಾವಿಗೆ ಬಿಟ್ಟರೆ ಊರಲ್ಲದ ಊರಿಗೆ ಬಿಟ್ಟ ಹಾಗೆ. ನೆಲಕ್ಕೆ ಚೆಲ್ಲಿದರೆ ಎರಡೂ ಸಾಯುತ್ತವೆ. ಮೇಲಕ್ಕೆ ಬಿಡೋಣ ಅಂದರೆ ಅಷ್ಟುದ್ದ ಹಗ್ಗ ಹಾಸನದ ಯಾವ ಅಂಗಡಿಯಲ್ಲಿ ಸಿಗುತ್ತದೋ? ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅಂತ ಲೋಕವೆಲ್ಲ ಗಾದೆಗೆ ಹೇಳುತ್ತದೆ, ನಮ್ಮ ಮನೆಯಲ್ಲಿ ಅದನ್ನು ನಿಜಕ್ಕೂ ಮಾಡೋಕೆ ಹೊರಡುತ್ತಾರೆ. ಬೆಳಗೊಳದ ಪಂಡಿತರು ಯಾವುದೋ ಕೆಲಸಕ್ಕೆ ಹಾಸನಕ್ಕೆ ಬಂದಿದ್ದರು, ಅವರನ್ನೇ ಕರೆಸಿದೆ. ಆಕಾಶದಲ್ಲಿ ತುಂಬಿರುವ ಜೀವಗಳು ಅತಿಸೂಕ್ಷ್ಮ, ಅವನ್ನು ಬೆಂಕಿ ಸುಡೋದಿಲ್ಲ, ನೀರು ನೆನೆಸೋದಿಲ್ಲ, ನಿಮ್ಮ ಚೊಂಬು ಏನು ಮಾಡೀತು ಅಂತ ಅವರು ಚೆನ್ನಾಗಿಯೇ ಹೇಳಿದರು. ನನಗೆ ಹೋದ ಜೀವ ಬಂತು. ಅಪ್ಪಾಜಿ ಜೇಬಿನಿಂದ ನಿನ್ನ ಕಾಗದ ತೆಗೆದು, ಇವನು ಹೇಳೋದು ಅವಲ್ಲ ಸ್ವಾಮಿ, ಧೂಳು ಆವಿಯಿಂದ ಹೊಸದಾಗಿ ಮೈತಳೆದ ಜೀವ ಅಂದರು. “ನೆಲ ಇಲ್ಲ, ತಾಯಿ ಇಲ್ಲ, ನೆರಳಿಲ್ಲ. ಅಂಥಾ ಜಾಗದಲ್ಲಿ ಹುಟ್ಟಿಬಿಟ್ಟಿದೆ ಪಾಪ, ಅದಕ್ಕೆ ಏನು ತಡಕೊಳ್ಳೋಕಾಗುತ್ತೆ, ಏನು ಆಗೋದಿಲ್ಲ, ನಮಗೆ ಗೊತ್ತಾ?” ಅಂದರು. ಪಂಡಿತರು ಶಲ್ಯ ಕೊಡವಿಕೊಂಡು ಎದ್ದು ಹೋದರು. ಚೊಂಬಿನ ಬಾಯಿಗೆ ತೆಳು ಬಟ್ಟೆ ಕಟ್ಟಿ, ನನ್ನ ಅಡುಗೆಮನೆ ಗೂಡಿನಲ್ಲೇ ಇಟ್ಟರು. ಇದು ಎಲ್ಲಿಗೆ ಸೇರಿದ್ದು ಅಂತ ಗೊತ್ತಾಗುವ ತನಕ ಒಂದೇ ಹೊತ್ತು ಊಟ ಅಂತ ನೇಮ ಹಿಡಿದರು. ತಪ್ಪು ಜಾಗದಲ್ಲಿ ಜೀವ ಕೂಡಿಟ್ಟುಕೊಂಡು ಎರಡು ಹೊತ್ತು ಉಣ್ಣೋದು ಹೇಗೆ ಅಂತ.

ಆ ದಿನ ಅಷ್ಟಮಿ. ನಂದೀಶ್ವರ ವ್ರತದ ಎಂಟು ದಿನ ಶುರುವಾಗಿತ್ತು. ನಮ್ಮವರೆಲ್ಲ ಅಪ್ಪಾಜಿ ಆ ವ್ರತ ಹಿಡಿದಿದ್ದಾರೆ ಅಂದುಕೊಂಡರು. ಈ ವಯಸ್ಸಿನಲ್ಲಿ ಎಂಥ ನಿಷ್ಠೆ, ನೀನೇ ಪುಣ್ಯವಂತೆ ಕಣಮ್ಮ ಅಂತ ಕಂಡಕಂಡವರು ನನಗೆ ಕೈಮುಗಿದರು. ನಾನು ಏನಂತ ಹೇಳಲಿ? ನಂದೀಶ್ವರಕ್ಕಲ್ಲ, ನಮ್ಮ ಚಂದ್ರುವಿನ ಉಪನ್ಯಾಸಕ್ಕೆ ಅನ್ನಲಾ? ಹಲ್ಲು ಕಚ್ಚಿಕೊಂಡು ನಕ್ಕೆ.

ಆಗ ಅಪ್ಪಾಜಿ ನಿನಗೆ ಕಾರ್ಡು ಬರೆದರು. ಅದಕ್ಕೆ ನೀನು ಕೊಟ್ಟ ಉತ್ತರ ನನ್ನ ಮುಂದೆಯೇ ಇದೆ, ಓದಿದಷ್ಟೂ ಮೈ ಉರಿಯುತ್ತದೆ. ಇರಬಹುದಂತೆ, ಇಲ್ಲದಿರಲೂಬಹುದಂತೆ. ಇದೆ ಅನ್ನೋಕೆ ಆಧಾರವಿಲ್ಲವಂತೆ, ಇಲ್ಲವೇ ಇಲ್ಲ ಅನ್ನೋಕೂ ಆಧಾರವಿಲ್ಲವಂತೆ. ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದರೆ ಏನಾದರೂ ಹೇಳಬಹುದಂತೆ, ಖಚಿತವಾಗಿ ಅಲ್ಲವಂತೆ. ಅಡ್ಡಗೋಡೆ ಮೇಲೆ ದೀಪ ಇಡೋದು ಅಂದರೆ ಇದೇ! ಬೇರೆ ಮನೆಯಲ್ಲಾದರೆ ಇಂಥ ಕಾಗದ ಓದಿ ಬಿಸಾಕುತ್ತಿದ್ದರು. ಚಿಕ್ಕಂದಿನಿಂದ ನಮ್ಮಿಬ್ಬರನ್ನೂ ಮುಂದೆ ಕೂರಿಸಿಕೊಂಡು, ಒಂದು ರೀತಿಯಲ್ಲಿ ಇದೆ, ಒಂದು ರೀತಿಯಲ್ಲಿ ಇಲ್ಲ, ಯಾವುದನ್ನೂ ಪೂರ್ತಿ ಹೌದು ಅನ್ನಬೇಡಿ, ಪೂರ್ತಿ ಅಲ್ಲ ಅನ್ನಬೇಡಿ ಅಂತ ಸ್ಯಾದ್ವಾದ ಕಲಿಸಿದವರೇ ಅವರು. ಅವರು ಕಲಿಸಿದ್ದನ್ನು ನೀನು ಅವರಿಗೇ ಬರೆದು ಕಳಿಸಿದರೆ ಅವರು ಏನಂತ ಬೈಯಬೇಕು? “ನೋಡು, ಹುಡುಗ ಎಷ್ಟು ಜಾಗ್ರತೆಯಿಂದ ಬರೆದಿದ್ದಾನೆ” ಅಂತ ಹೆಮ್ಮೆಪಟ್ಟುಕೊಂಡರು. ಅವತ್ತು ಉಣ್ಣುವ ಒಂದು ಹೊತ್ತಿನಲ್ಲೂ ಅರ್ಧ ಊಟಕ್ಕೇ ಕೈ ತೊಳೆದರು.

ಇಷ್ಟು ಸಾಲದು ಅಂತ ಚೊಂಬಿನಲ್ಲಿ ಹುಳ ಬಿತ್ತು. ನಿಂತ ನೀರಿಗೆ ಹುಳ ಬೀಳದೆ ಮಲ್ಲಿಗೆ ಅರಳುತ್ತದಾ? ಅಪ್ಪಾಜಿ ಬಟ್ಟೆ ಸರಿಸಿ ನೋಡಿ, ಅನಂತೀ ಬಾ ಬಾ ಅಂತ ಕೂಗಿದ ಕೂಗಿಗೆ ನಾನು ಒಲೆ ಮೇಲಿನ ಪಲ್ಯ ಬಿಟ್ಟು ಓಡಿದೆ. ಪಲ್ಯ ಹತ್ತಿಹೋಯಿತು. ನೋಡಿದರೆ ಕೂದಲೆಳೆಯಂಥವು ಕೊಂಕಿ ಕೊಂಕಿ ಓಡಾಡುತ್ತಿವೆ. ಸೊಳ್ಳೆ ಮರಿ ಅಂದೆ. ಗಂಗಾಂಬಿಕೆಯನ್ನು ಕರೆದೆ, ಅವಳೂ ಇಣುಕಿ, “ಸೊಳ್ಳೆ ಕಣ್ರೀ ಅಪ್ಪಾಜಿ, ನಮ್ಮ ಬಚ್ಚಲ ಹಂಡೇಲಿ ಬೇಕಾದಷ್ಟಿವೆ” ಅಂದಳು. ಅಪ್ಪಾಜಿ ಒಪ್ಪಿಕೊಂಡರು ಅನ್ನು. ಸೊಳ್ಳೆಯಾದರೆ ಸೊಳ್ಳೆಯೇ ಇರಲಿ, ಅದರ ಜೊತೆಗೆ ಕಣ್ಣಿಗೆ ಕಾಣದೇ ಇರೋದು ಇದ್ದರೆ ಅಂದರು! ಮೊನ್ನೆಯಿಂದ ಬಟ್ಟೆಯ ಕೆಳಗೆ ಗುಂಯ್ ಅನ್ನುತ್ತಿದೆ. ಉಸಿರು ಕಟ್ಟಬಾರದು ಅಂತ ಅಪ್ಪಾಜಿ ಬೆಳಿಗ್ಗೆ ಬೆಳಿಗ್ಗೆ ಬಟ್ಟೆಯ ಒಂದು ತುದಿ ಎತ್ತಿ, ಹೊರಗೆ ಬಿಟ್ಟು, ಅದು ಯಾವ ದಿಕ್ಕಿಗೆ ಹೋಗುತ್ತದೆ ಅಂತ ತಲೆಯೆತ್ತಿ ನೋಡುತ್ತಾ ನಿಲ್ಲುತ್ತಾರೆ. ಮೇಲಕ್ಕೇ ಹೋಯಿತು ನೋಡು ಅನ್ನುತ್ತಾರೆ. ಮೇಲಕ್ಕೆ ಹೋಗಿದ್ದು ಮಧ್ಯಾಹ್ನ ಇಳಿದು ಬಂದು ನನ್ನ ಚಿಕ್ಕವಳ ಕೆನ್ನೆ ಕಚ್ಚಿತು. ಆಕಾಶದ ಕಡೆಯ ಸಂಬಂಧ ನಮಗೆ ಸಾಕಪ್ಪಾ.

ನಗುತ್ತಿದ್ದೀಯಾ? ನಗು ನಿಲ್ಲಿಸು. ಹುಣ್ಣಿಮೆಗೆ ನಂದೀಶ್ವರ ಮುಗಿಯಿತು, ಎಲ್ಲರ ಮನೆಯಲ್ಲೂ ಪಾರಣೆ ಆಯಿತು. ನಾನು ಅಪ್ಪಾಜಿಗೆ ಇಷ್ಟ ಅಂತ ಹೆಸರುಬೇಳೆ ಪಾಯಸ ಮಾಡಿ ಎಲೆ ಹಾಕಿದೆ. ಅವರು ಎಲೆಯ ಮುಂದೆ ಕೂತು, ಪಾಯಸ ನೋಡಿ, ಅದರ ಜಾಗ ಇನ್ನೂ ಗೊತ್ತಾಗಲಿಲ್ಲವಲ್ಲ ಅಂತ ಎದ್ದುಬಿಟ್ಟರು. ಅವತ್ತಿನಿಂದ ಆ ಒಂದು ಹೊತ್ತೂ ಇಲ್ಲ, ಕಾದಾರಿದ ನೀರು ಮಾತ್ರ. ಅರವತ್ತೆಂಟು ವರ್ಷದ ಮೈ ಕಣೋ ಅದು. ಮೊನ್ನೆ ಭಾನುವಾರ ಅಂಗಡಿಯಲ್ಲಿ ಯಾರಿಗೋ ಕೊಳಗ ತೆಗೆದುಕೊಡೋಕೆ ಕೈಯೆತ್ತಿದವರು ಹಾಗೇ ಕುಸಿದರು. ಕೊಳಗ ಉರುಳಿದ ಸದ್ದು ಕೇಳಿ ನಾನು ಓಡಿಬರುವಷ್ಟರಲ್ಲಿ ಗಂಗಾಂಬಿಕೆಯ ಮಗ ಅವರ ತಲೆಯನ್ನು ತೊಡೆ ಮೇಲೆ ಇಟ್ಟುಕೊಂಡಿದ್ದ. ಕಣ್ಣು ಬಿಟ್ಟ ತಕ್ಷಣ ಏನು ಕೇಳಿದರು ಗೊತ್ತಾ? ಚೊಂಬು ಉರುಳಲಿಲ್ಲವಲ್ಲ ಅಂತ. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಕೆಲವರು ಈಗ, ದೊಡ್ಡವರು ಸಲ್ಲೇಖನದಂಥ ದೊಡ್ಡ ವ್ರತಕ್ಕೇ ಮನಸ್ಸು ಮಾಡಿದ್ದಾರೇನೋ, ತಡೆಯಬೇಡಮ್ಮಾ ಅನ್ನೋಕೆ ಶುರು ಮಾಡಿದ್ದಾರೆ. ಅಮ್ಮನನ್ನು ಕಳಿಸಿಕೊಟ್ಟು ಮೂರು ವರ್ಷವೂ ಆಗಿಲ್ಲ, ಒಂದು ಚೊಂಬು ಸೊಳ್ಳೆ ನೀರಿಗೆ ಅಪ್ಪಾಜಿಯನ್ನೂ ಕಳಿಸಿಕೊಡಲಾ?

ಆದ್ದರಿಂದ ನಾನು ಕೇಳೋದು ಇಷ್ಟೇ. ಒಂದೇ ಒಂದು ಸಾಲು ಬರಿ. ಆ ಕಲ್ಲಿನಲ್ಲಿ ಜೀವ ಇರಲಿಲ್ಲ, ಇರೋದು ಸಾಧ್ಯವಿಲ್ಲ, ಚೊಂಬನ್ನು ಬಾವಿಗೆ ಬಿಡಿ ಅಂತ ಬರಿ. ಇರಬಹುದು ಗಿರಬಹುದು ಏನೂ ಬೇಡ. ನಿನ್ನ ವಿಜ್ಞಾನಕ್ಕೆ ಒಂದು ಸುಳ್ಳಿನಿಂದ ಆಗುವ ನಷ್ಟ ಏನು? ನಕ್ಷತ್ರ ಏನೂ ಬಿದ್ದುಹೋಗೋದಿಲ್ಲ.

ಇನ್ನೊಂದು ಮಾತು ಬರೆದೇ ಬಿಡುತ್ತೇನೆ. ಅಪ್ಪಾಜಿ ಮೈಸೂರಿಗೆ ನಿನ್ನ ರೂಮಿಗೆ ಬಂದು, ಬಂದ ದಿನವೇ ತಿರುಗಿ ಬಂದದ್ದು ನನಗೆ ಗೊತ್ತಿಲ್ಲ ಅಂದುಕೊಂಡಿದ್ದೀಯಾ? ನೀನು ನಲ್ಲಿಗೆ ಲೋಟ ಹಿಡಿದು ಹಾಗೇ ಅವರ ಕೈಗೆ ಕೊಟ್ಟೆಯಂತೆ. ಸರ್ಕಾರದವರೇ ಸೋಸಿ ಬಿಡುತ್ತಾರೆ ಅಪ್ಪಾಜಿ ಅಂದೆಯಂತೆ. ಸೋಸಿದ್ದನ್ನು ಎಲ್ಲಿಗೆ ಬಿಟ್ಟರು ಅಂತ ಅವರು ಕೇಳಿದರಂತೆ. ನೀನು ನಕ್ಕೆಯಂತೆ. ಅಷ್ಟೇ ಆದದ್ದು. ಲೋಟ ಕೆಳಗಿಟ್ಟು ಬಂದವರು ಮತ್ತೆ ನಿನ್ನ ಹೊಸಿಲು ತುಳಿದಿಲ್ಲ, ನೀನೂ ಈ ಕಡೆ ತಲೆ ಹಾಕಿಲ್ಲ. ಎರಡು ವರ್ಷದಿಂದ ಅಪ್ಪ ಮಗ ಕಾಗದದ ಮೇಲೆ ಕಾಗದ ಬರೀತೀರಿ. ಧೂಮಕೇತು, ಆಕಾಶ, ಬೆಳಕು, ಧೂಳು. ಬಟ್ಟಬಯಲಲ್ಲಿ ಜೀವ ಇದೆಯಾ ಅಂತ ವಿಚಾರಿಸಿಕೊಳ್ಳುತ್ತೀರಿ; ಚೆನ್ನಾಗಿದ್ದೀಯಾ, ಊಟ ಆಯಿತಾ ಅಂತ ಒಬ್ಬರನ್ನೊಬ್ಬರು ಒಂದು ಸಲವೂ ಕೇಳಿಲ್ಲ. ಅದನ್ನು ಕೇಳೋಕೆ ನಡುವೆ ನಾನೊಬ್ಬಳು. ಸಾಕಾಗಿಹೋಗಿದೆ ಕಣೋ ನನಗೆ ನಿಮ್ಮಿಬ್ಬರ ಸಹವಾಸ.

ಬಿಸಿಲಲ್ಲಿ ಬರಿತಲೆಯಲ್ಲಿ ತಿರುಗಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ಮಕ್ಕಳು ಮಾವನಿಗೆ ನಮಸ್ಕಾರ ಹೇಳುತ್ತಿದ್ದಾರೆ. ಜಿನೇಶ್ವರ ನಿನ್ನನ್ನು ಚೆನ್ನಾಗಿಟ್ಟಿರಲಿ, ನಿನಗೆ ಒಂದಿಷ್ಟು ಬುದ್ಧಿಯನ್ನೂ ಕೊಡಲಿ.

ಬೈದು ಬೈದು ಕೈನೋವು ಬಂದಿರುವ
ನಿನ್ನ ಅಕ್ಕ,
ಅನಂತಮತಿ

ಮತ್ತೆ: ಮೇಲೆ ಬರೆದದ್ದು ಬಿಡು, ಸುಳ್ಳು ಬರೆಯೋದು ಬೇಡ. ಕಾಗದ ಮಡಿಸುವಷ್ಟರಲ್ಲಿ ಅಪ್ಪಾಜಿ ಬಂದರು. ಯಾರಿಗೆ ಇಷ್ಟುದ್ದ ಅಂದರು. ಮುಚ್ಚಿಡದೆ ಹೇಳಿದೆ. “ಸುಳ್ಳು ಹೇಳಿಸಿ ಅನ್ನ ತಿನ್ನಿಸ್ತೀಯೇನಮ್ಮಾ” ಅಂದರು. ಅವನ ಹತ್ತಿರ ಕಾಣದ್ದನ್ನು ಕಾಣಿಸುವ ಯಂತ್ರ ಇದೆಯಲ್ಲ, ನಾನೇ ಹೋಗ್ತೀನಿ, ಏನು ಹೇಳಿದರೂ ಸರಿ, ಎದುರಿಗೆ ಹೇಳಲಿ ಅಂದರು. ಈ ಮೈಯಲ್ಲಿ ಬೇಡ ಅಂತ ಕಾಲು ಹಿಡಿದೆ, ಕೇಳಲಿಲ್ಲ. ಲಕ್ಕಯ್ಯ ಸಂತೆಗೆ ಬಂದಿದ್ದ. “ನಾ ತಂದ ಕಲ್ಲು ಕಣಕ್ಕಾ, ನಾನೇ ಸಾವ್ಕಾರ್ರ ಜತೆಗ್ ಓಯ್ತೀನಿ” ಅಂತ ಹೊರಟಿದ್ದಾನೆ. ಹೊಳೆನರಸೀಪುರದ ಮೇಲೆ ಮೈಸೂರಿಗೆ ಹೋಗುವ ರೈಲುಗಾಡಿಗೇ ಹೊರಟರು, ಜಟಕಾ ಬಾಗಿಲಿಗೆ ಬಂದಿದೆ. ಹೊಸಿಲು ದಾಟುವಾಗ ತಿರುಗಿ ನಿಂತು, ಅವನ ಕೆಮ್ಮು ನಿಂತಿತಂತಾ ಅಂತ ಕೇಳಿದರು. ನಾನು ಕುಟ್ಟಿಟ್ಟಿದ್ದ ಕಷಾಯದ ಪುಡಿಯನ್ನು ತಾವೇ ತೆಗೆದು ಚೀಲಕ್ಕೆ ಹಾಕಿಕೊಂಡಿದ್ದಾರೆ.

ಈ ಕಾಗದವನ್ನೂ ಅದೇ ಚೀಲದಲ್ಲಿ ಇಡುತ್ತಿದ್ದೇನೆ, ಅವರು ಬೇರೆಯವರ ಕಾಗದ ಓದುವವರಲ್ಲ. ನೀನು ಇದನ್ನು ಓದುತ್ತಿರುವಾಗ ಅವರು ನಿನ್ನ ಎದುರಿಗೇ, ಚೊಂಬನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿರುತ್ತಾರೆ. ಹೊತ್ತು ಮುಳುಗಿದರೆ ಅವರು ನೀರನ್ನೂ ಮುಟ್ಟುವುದಿಲ್ಲ, ಗೊತ್ತಲ್ಲ. ಅಮ್ಮ ನಿನ್ನ ಟ್ರಂಕಿನ ತಳದಲ್ಲಿ ಮಡಿಸಿಟ್ಟ ಸೋಸುವ ಬಟ್ಟೆ ಅಲ್ಲೇ ಇರಬೇಕು, ಹುಡುಕು. ಸೋಸಿದ್ದನ್ನು ಎಲ್ಲಿಗೆ ಬಿಡ್ತೀಯಾ ಅಂತ ಈ ಸಲವೂ ಕೇಳುತ್ತಾರೆ. ಗೊತ್ತಿಲ್ಲ ಅಪ್ಪಾಜಿ ಅನ್ನು, ನಗಬೇಡ. ಆಕಾಶ ಎಲ್ಲಿಗೂ ಹೋಗೋದಿಲ್ಲ. ಕಾಗದ ಕೆಳಗಿಡು, ಎದ್ದು ಮೊದಲು ಅವರಿಗೆ ನೀರು ಸೋಸಿ ಕಾಯಿಸಿ ಕೊಡು.